“ನಾನ್ಯಾರು ಹೇಳು ಅಜ್ಜಿ?”

ನನ್ನಜ್ಜಿ, ಅಂದರೆ ಅಪ್ಪನ ಅಮ್ಮ, ಇರುವುದು ತಿಪಟೂರಿನಲ್ಲಿ. ನಾನು ಜರ್ಸಿ ಸಿಟಿಯಲ್ಲಿ. ಬೆಳಗ್ಗೆ ಎಂಟೂವರೆಗೆ ನಾನು ಪಾತ್ ಸ್ಟೇಷನ್ ಕಡೆ ನಡೆಯುವ ಹೊತ್ತಿಗೆ ಅಲ್ಲಿ ಸಂಜೆ ಆರು. ಮೊದಲ ಸೆಮಿಸ್ಟರ್‌ನಲ್ಲಿ ಹಾಗೆ ನಡೀತಾ ವಿಡಿಯೋ ಕಾಲ್ ಮಾಡಿದಾಗಲೆಲ್ಲ ನನ್ನ ಮೊದಲ ಪ್ರಶ್ನೆ ಒಂದೇ: “ನಾನ್ಯಾರು ಹೇಳು ಅಜ್ಜಿ?” ಹೆಸರು ಬಂದರೆ ನನಗೆ ಖುಷಿ. ಬರದಿದ್ದರೆ ಸುಳಿವು ಕೊಡುತ್ತಿದ್ದೆ, ಅಜ್ಜಿ ಮುಖ ಸಣ್ಣಗಾಗುತ್ತಿತ್ತು. ದಿನಾ ಬೆಳಗ್ಗೆ ನಾನು ಅವರಿಗೆ ವೈವಾ ಮಾಡ್ತಿದ್ದೆ ಅಂತ ಗೊತ್ತಾಗಿದ್ದು ತುಂಬಾ ತಡವಾಗಿ.

“ಅರವತ್ತಕ್ಕೆ ಅರಳು-ಮರಳು” ಅಂತ ನಮ್ಮಲ್ಲೊಂದು ಗಾದೆ ಇದೆಯಲ್ಲ, ಅದನ್ನು ನಂಬಿಕೊಂಡು ನಮ್ಮ ಮನೆಯಲ್ಲಿ ಎರಡು ವರ್ಷ ಕಳೆದೆವು. ಆಮೇಲೆ ಬೆಂಗಳೂರಿನ ನರರೋಗ ತಜ್ಞರು ಇದು ಆಲ್‌ಝೈಮರ್ಸ್ ಅಂದರು. ಡಿಮೆನ್ಷಿಯಾ ಅನ್ನೋದು ಒಂದು ರೋಗದ ಹೆಸರಲ್ಲ. ನೆನಪು, ಮಾತು, ಲೆಕ್ಕಾಚಾರ, ದಿಕ್ಕು ಎಲ್ಲ ಕುಗ್ಗುತ್ತಾ ಹೋಗುವ ಸ್ಥಿತಿ ಅದು, ಅದಕ್ಕೆ ಅತಿ ಸಾಮಾನ್ಯ ಕಾರಣ ಆಲ್‌ಝೈಮರ್ಸ್. 2023ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆ.

ಮನೆ ಒಡೆಯುವ ಮಟ್ಟಕ್ಕೆ ಹೋಗಿದ್ದು ಮರೆವಿನಿಂದಲ್ಲ, ಒಂದು ಮಾತಿನಿಂದ. ಅಜ್ಜಿ ಫೋನಿನಲ್ಲಿ ನನ್ನ ಅತ್ತೆಗೆ, “ಇವಳು ನನಗೆ ಊಟಾನೇ ಹಾಕಲ್ಲ ಕಣೇ” ಅಂದರು. ‘ಇವಳು’ ಅಂದರೆ ನನ್ನಮ್ಮ. ಅರ್ಧ ಗಂಟೆ ಹಿಂದೆ ಮುದ್ದೆ ಕಲಸಿ ತಿನ್ನಿಸಿದವಳು. ಉಂಡದ್ದೇ ಅಜ್ಜಿಗೆ ನೆನಪಿರಲಿಲ್ಲ, ಹಾಗಾಗಿ ಅವರ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಅತ್ತೆ ನಂಬಿದರು. “ನನ್ನ ಹತ್ರ ಚೆನ್ನಾಗೇ ಮಾತಾಡ್ತಾಳಲ್ಲ ಅಮ್ಮ” ಅನ್ನೋದು ಅವರ ವಾದ. ಹತ್ತು ನಿಮಿಷದ ಫೋನಿನಲ್ಲಿ ಚೆನ್ನಾಗೇ ಇರ್ತಾರೆ. ಉಳಿದ ಹೊತ್ತು ನೋಡಿಕೊಳ್ಳುವುದು ಅಮ್ಮ. ಅಮ್ಮನ ಬಿಪಿ ಏರಿತು, ತಂಗಿ ಮಗಳ ಮದುವೆಗೂ ಹೋಗಲಿಲ್ಲ.

ಆ ಸಮಯದಲ್ಲಿ ನನಗೆ ಸಿಕ್ಕಿದ್ದು ನಮ್ಮ ಹಡ್ಸನ್ ನದಿಯ ಆಚೆ ದಡದಲ್ಲೇ ನಡೆದ ಒಂದು ಸಂಶೋಧನೆ. ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಮೇರಿ ಮಿಟಲ್‌ಮನ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ಶುರುಮಾಡಿದ್ದು. ಆಲ್‌ಝೈಮರ್ಸ್ ಇರುವ ಗಂಡನನ್ನೋ ಹೆಂಡತಿಯನ್ನೋ ಮನೆಯಲ್ಲೇ ನೋಡಿಕೊಳ್ಳುತ್ತಿದ್ದ 406 ಜನ ಅದರಲ್ಲಿದ್ದರು. ಅರ್ಧದಷ್ಟು ಜನಕ್ಕೆ ಮಾಮೂಲಿ ಸಹಾಯ. ಉಳಿದವರಿಗೆ ನಾಲ್ಕು ತಿಂಗಳಲ್ಲಿ ಆರು ಬೈಠಕ್: ಎರಡು ಅವರೊಬ್ಬರಿಗೇ, ನಾಲ್ಕು ಕುಟುಂಬದ ಇತರರ ಜೊತೆ, ರೋಗಿ ಇಲ್ಲದೆ. ಆಮೇಲೆ ಬೆಂಬಲ ಗುಂಪು, ಬೇಕೆಂದಾಗ ಫೋನಿನಲ್ಲಿ ಸಲಹೆ. 2006ರ ವರದಿಯಲ್ಲಿ, ಹೀಗೆ ಕಲಿತವರು ರೋಗಿಯನ್ನು ನರ್ಸಿಂಗ್ ಹೋಮ್‌ಗೆ ಸೇರಿಸುವುದು ಮೀಡಿಯನ್ ಲೆಕ್ಕದಲ್ಲಿ 557 ದಿನ ತಡವಾಯಿತು. ಒಂದೂವರೆ ವರ್ಷ! ಕೌನ್ಸೆಲಿಂಗ್ ಪಡೆದದ್ದು ಮನೆಯವರು, ರೋಗಿ ಅಲ್ಲ. ಆ ಲಾಭದ ಶೇ. 61ರಷ್ಟು ಭಾಗಕ್ಕೆ ಕಾರಣ ಮೂರು: ಮನೆಯವರ ಬೆಂಬಲ ಸಿಕ್ಕ ಸಮಾಧಾನ, ರೋಗಿಯ ವರ್ತನೆಯನ್ನು ತಡೆದುಕೊಳ್ಳುವ ಶಕ್ತಿ, ಕಡಿಮೆಯಾದ ಖಿನ್ನತೆ.

ನಾಲ್ಕು ಬೈಠಕ್ ಕುಟುಂಬಕ್ಕೆ ಯಾಕೆ ಅಂತ ನನಗೆ ತಕ್ಷಣ ಅರ್ಥವಾಯಿತು. ಅಮ್ಮನಿಗೊಬ್ಬಳಿಗೇ ತರಬೇತಿ ಕೊಟ್ಟಿದ್ದರೆ ಅತ್ತೆಯ ಒಂದು ಫೋನ್ ಅದನ್ನೆಲ್ಲ ಕೆಡಿಸುತ್ತಿತ್ತು. ಹಾಗಾಗಿ ಒಂದು ಭಾನುವಾರ ಅಪ್ಪ, ಅಮ್ಮ, ಅತ್ತೆ, ಚಿಕ್ಕಪ್ಪ ಎಲ್ಲರನ್ನೂ ಝೂಮ್‌ನಲ್ಲಿ ಕೂರಿಸಿದೆ. ಮೊದಲ ಇಪ್ಪತ್ತು ನಿಮಿಷ ಬರೀ ಜಗಳ. ಆಮೇಲೆ ಅಜ್ಜಿ ಕಾಯಿಲೆಯ ಬಗ್ಗೆ ಎಲ್ಲರೂ ಒಂದೇ ವಿಡಿಯೋ ನೋಡಿದೆವು. ಅತ್ತೆ ಕ್ಯಾಮೆರಾ ಆಫ್ ಮಾಡಿಕೊಂಡರು. ಕೊನೆಗೆ ಚಿಕ್ಕಪ್ಪ ತಿಂಗಳಿಗೊಂದು ಶನಿವಾರ-ಭಾನುವಾರ ಬಂದು ಇರ್ತೀನಿ ಅಂದರು. ಅಜ್ಜಿಯನ್ನು ಬೆಂಗಳೂರಿಗೆ ಕರ್ಕೊಂಡು ಹೋಗೋದು ಬೇಡ ಅಂದೆವು, ಯಾಕೆಂದರೆ ಜಾಗ ಬದಲಾದರೆ ಗೊಂದಲ ಹೆಚ್ಚುತ್ತದೆ.

ಇನ್ನು ತರಬೇತಿಯಲ್ಲಿ ಏನು ಕಲಿಸ್ತಾರೆ? ಇಲ್ಲಿ ಡೈಸ್ ಅನ್ನುವ ಒಂದು ವಿಧಾನವಿದೆ, ಎಂಜಿನಿಯರ್‌ಗಳಿಗೆ ಡೀಬಗ್ಗಿಂಗ್ ಥರಾನೇ ಕಾಣುತ್ತೆ. ನಡೆದದ್ದನ್ನು ವಿವರಿಸು, ಕಾರಣ ಹುಡುಕು, ಉಪಾಯ ಮಾಡು, ಫಲಿಸಿತಾ ನೋಡು. ಅಜ್ಜಿ ದಿನಾ ಸಂಜೆ ಬಾಗಿಲ ಹತ್ತಿರ ನಿಂತು “ಮನೆಗೆ ಹೋಗ್ಬೇಕು” ಅನ್ನುತ್ತಿದ್ದರು. ಐವತ್ತು ವರ್ಷ ಬಾಳಿದ ಮನೆಯಲ್ಲೇ ನಿಂತುಕೊಂಡು! “ಇದೇ ನಿಮ್ಮ ಮನೆ ಅಲ್ವಾ ಅತ್ತೆ” ಅಂತ ಅಮ್ಮ ಎಷ್ಟು ಹೇಳಿದರೂ ಸಿಟ್ಟು ಹೆಚ್ಚಾಗುತ್ತಿತ್ತು. ಒಂದು ವಾರ ಅಮ್ಮ ನೋಟ್‌ಬುಕ್ಕಿನಲ್ಲಿ ಗಂಟೆ ಸಮೇತ ಬರೆದಿಟ್ಟಳು. ಹಾಲ್‌ನಲ್ಲಿ ಕತ್ತಲಾಗುವ ಹೊತ್ತಿಗೆ ಸರಿಯಾಗಿ ಶುರುವಾಗುತ್ತಿತ್ತು. ಈಗ ಐದೂವರೆಗೇ ದೀಪ ಹಾಕ್ತಾರೆ, ಕಾಫಿ ಕೊಡ್ತಾರೆ, ಮುಂದೆ ಒಂದು ಬುಟ್ಟಿ ಹೂವು ಇಡ್ತಾರೆ. ಮೊಮ್ಮಗನ ಹೆಸರು ಮರೆತ ಕೈ ಮಲ್ಲಿಗೆ ಕಟ್ಟುವುದನ್ನು ಮರೆತಿಲ್ಲ. ಕೈಗೆ ರೂಢಿಯಾದ ಕೆಲಸದ ನೆನಪು ಘಟನೆಗಳ ನೆನಪಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಆದರೂ ಮನೆ ಅಂದರೆ, “ಅಲ್ಲಿ ಯಾರ್ಯಾರಿದ್ದಾರೆ ಅತ್ತೆ?” ಅಂತ ಅಮ್ಮ ಕೇಳ್ತಾಳೆ. ಅಜ್ಜಿ ತವರಿನ ಹಸುಗಳ ಹೆಸರು ಹೇಳ್ತಾರೆ.

ಒಂದು ಎಚ್ಚರಿಕೆ. ಗೊಂದಲ ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ಹೆಚ್ಚಾದರೆ ಉಪಾಯ ಹುಡುಕುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಮೂತ್ರದ ಸೋಂಕು, ನೀರಿನ ಕೊರತೆ, ಹೊಸ ಮಾತ್ರೆ, ಏನಾದರೂ ಇರಬಹುದು.

ಎಡಿಸನ್ ಕಡೆ ಮಕ್ಕಳ ಮನೆಯಲ್ಲಿರುವ ಕನ್ನಡದ ಹಿರಿಯರ ಕಥೆ ಇನ್ನೂ ಕಷ್ಟ. ಆಮೇಲೆ ಕಲಿತ ಇಂಗ್ಲಿಷ್ ಹಲವರಲ್ಲಿ ಮೊದಲು ಜಾರಿಹೋಗುತ್ತದೆ, ಕನ್ನಡ ಉಳಿಯುತ್ತದೆ. ಮನೆಗೆ ಬರುವ ಏಡ್‌ಗೆ ಕನ್ನಡ ಬರಲ್ಲ, ಮೊಮ್ಮಕ್ಕಳಿಗೆ ಅರ್ಧಂಬರ್ಧ. ವಾರಕ್ಕೆ ಅರ್ಧ ಗಂಟೆ ಅವರ ಜೊತೆ ಮಾತಾಡಲು ನಮ್ಮಂಥವರಿಗೆ ಆಗುತ್ತೆ. ವಾಕ್ಯ ಚಿಕ್ಕದಿರಲಿ, ಒಂದು ಸಲಕ್ಕೆ ಒಂದೇ ಪ್ರಶ್ನೆ, ಉತ್ತರಕ್ಕೆ ಮನಸ್ಸಿನಲ್ಲಿ ಹತ್ತು ಎಣಿಸಿ. “ನೆನಪಿದೆಯಾ?” ಅನ್ನೋ ಪದ ಮಾತ್ರ ಬೇಡ.

ಕಲಿಯಲು ದುಡ್ಡು ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಪೋರ್ಟ್‌ನಲ್ಲಿ 5 ಭಾಗ, 23 ಪಾಠಗಳಿವೆ, ಉಚಿತ. ಒಂದು ಇಡೀ ಭಾಗ ನೋಡಿಕೊಳ್ಳುವವರ ಸ್ವಂತ ಆರೋಗ್ಯದ ಬಗ್ಗೆ. ಅಮ್ಮನಿಗೆ ನಾನು ಮೊದಲು ಓದಿ ಹೇಳಿದ್ದು ಅದನ್ನೇ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇವೆ. ಇಲ್ಲಿ ಆಲ್‌ಝೈಮರ್ಸ್ ಅಸೋಸಿಯೇಷನ್‌ನ ಸಹಾಯವಾಣಿ ದಿನದ 24 ಗಂಟೆಯೂ ಇರುತ್ತದೆ, ದುಭಾಷಿಯನ್ನು ಕೇಳಬಹುದು. ಮೂಲ ಮೆಡಿಕೇರ್ ಇರುವವರಿಗೆ ಜುಲೈ 2024ರಿಂದ ಗೈಡ್ ಎಂಬ ಯೋಜನೆಯಲ್ಲಿ ಮನೆಯವರಿಗೆ ತರಬೇತಿಯೂ ಸೇರಿದೆ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮಂದಿರಿಗೆ ಅದು ಸಿಗಲ್ಲ.

ಈಗ ನಾನು ಫೋನ್ ಮಾಡಿದರೆ “ಅಜ್ಜಿ, ನಾನು ನಿಮ್ಮ ಮೊಮ್ಮಗ, ಅಮೆರಿಕದಿಂದ” ಅಂತ ನಾನೇ ಶುರು ಮಾಡ್ತೀನಿ. ಕೆಲವೊಮ್ಮೆ ನನ್ನನ್ನು ತಮ್ಮ ಅಂದುಕೊಂಡು ಬೈತಾರೆ, ಬೈಸಿಕೊಳ್ತೀನಿ. ಊಟ ಹಾಕಲ್ಲ ಅನ್ನೋ ದೂರು ಇನ್ನೂ ನಿಂತಿಲ್ಲ. ಅತ್ತೆ ಈಗ “ಹೌದಾ, ಏನು ತಿನ್ಬೇಕು ಅನ್ಸುತ್ತಮ್ಮ?” ಅಂತ ಕೇಳಿ, ಆಮೇಲೆ ನನ್ನಮ್ಮನಿಗೆ ಫೋನ್ ಮಾಡಿ, “ನೀನು ಊಟ ಮಾಡಿದ್ಯಾ?” ಅಂತಾರೆ.