ಎಡೆದೊರೆ ನಾಡಿನ ಹಿಜಾಮಾ ಮತ್ತು ಚೀನಾದ ವೈದ್ಯ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಉತ್ತರದಲ್ಲಿ ಕೃಷ್ಣೆಯ ಮಗ್ಗುಲಿನ ದೇವದುರ್ಗ, ದಕ್ಷಿಣದಲ್ಲಿ ತುಂಗಭದ್ರೆಯ ಕಡೆಗಿರುವ ಮಾನ್ವಿ, ಇವೆರಡಕ್ಕೂ ಪೇಟೆಯಾಗಿ ಬೆಳೆದ ರಾಯಚೂರು ನಗರ ಸೇರಿದ ಈ ಸೀಮೆಯಲ್ಲಿ ಚೀನಾದ ಪಾರಂಪರಿಕ ವೈದ್ಯವು ಆ ಹೆಸರಿನಿಂದ ನೆಲೆಯೂರಿದ್ದಿಲ್ಲ. ಆದರೆ ಚೀನಾದ ವೈದ್ಯವೆಂದೊಡನೆ ಜಗತ್ತಿಗೆ ಇಂದು ನೆನಪಾಗುವ ಬಟ್ಟಲು ಚಿಕಿತ್ಸೆ, ನಾಡಿ ಪರೀಕ್ಷೆ, ದೇಹದ ಶೀತೋಷ್ಣಗಳನ್ನು ಅಳೆದು ಪಥ್ಯ ಹೇಳುವ ಕ್ರಮ ಇವೆಲ್ಲವೂ ಯುನಾನಿ ಪದ್ಧತಿಯ ಮೂಲಕ ಇಲ್ಲಿಗೆ ಶತಮಾನಗಳ ಹಿಂದೆಯೇ ಬಂದಿವೆ. ಬೆನ್ನುನೋವಿಗೆ ಬಟ್ಟಲು ಹಚ್ಚುವುದನ್ನು ಯುನಾನಿ ಹಕೀಮರು ಹಿಜಾಮಾ ಎನ್ನುತ್ತಾರೆ. ಬೀಜಿಂಗಿನ ವೈದ್ಯರಿಗೆ ಅದೇ ಕ್ರಿಯೆ ಬಾ ಗುವಾನ್. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಇಂತಹ ಚಿಕಿತ್ಸೆಗಳು ಆರೋಗ್ಯಕ್ಕೆ ಎಲ್ಲಿಯವರೆಗೆ ಆಸರೆಯಾಗುತ್ತವೆ, ಎಲ್ಲಿಂದಾಚೆಗೆ ಅವುಗಳನ್ನು ನಂಬಿ ಕೂರಬಾರದು ಎಂಬುದು ತಿಳಿಯುತ್ತದೆ.

ಯುನಾನಿಯ ಬೇರು ಗ್ರೀಸಿನ ಹಿಪ್ಪೊಕ್ರೆಟಿಸ್ ಮತ್ತು ಗ್ಯಾಲೆನ್ ಅವರ ಬರಹಗಳಲ್ಲಿದ್ದು, ಅದಕ್ಕೆ ಶಾಸ್ತ್ರದ ರೂಪ ಕೊಟ್ಟವರು ಅರಬ್ಬೀ ಮತ್ತು ಪಾರಸಿ ವಿದ್ವಾಂಸರು. ಇಬ್ನ್ ಸೀನಾ 1025ರ ಸುಮಾರಿಗೆ ಮುಗಿಸಿದ ‘ಅಲ್ ಖಾನೂನ್ ಫಿತ್ ತಿಬ್’ ಇಂದಿಗೂ ಆ ಪದ್ಧತಿಯ ಆಧಾರ ಗ್ರಂಥ. ದಖ್ಖನಿನ ಸುಲ್ತಾನರ ಆಸ್ಥಾನಗಳ ಜೊತೆ ಬಂದ ಈ ವೈದ್ಯವು ಇಲ್ಲಿನ ನೆಲದಿಂದ ದೂರ ನಿಲ್ಲಲಿಲ್ಲ ಎಂಬುದಕ್ಕೆ ಒಂದು ಒಳ್ಳೆಯ ಸಾಕ್ಷಿಯಿದೆ. ಇತಿಹಾಸಕಾರನೆಂದೇ ಹೆಸರಾದ ಫಿರಿಶ್ತಾ 1589ರಲ್ಲಿ ಬಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯ ಪಡೆದನು. ರಾಯಚೂರು ಆಗ ಅದೇ ರಾಜ್ಯಕ್ಕೆ ಸೇರಿತ್ತು. ಫಿರಿಶ್ತಾ ಬರೆದ ‘ದಸ್ತೂರ್ ಅಲ್ ಅತಿಬ್ಬಾ’ ಎಂಬ ವೈದ್ಯಗ್ರಂಥವು ಭಾರತದ ವೈದ್ಯಶಾಸ್ತ್ರವನ್ನೂ ಇಲ್ಲಿನ ಮೂಲಿಕೆಗಳನ್ನೂ ಪಾರಸಿ ಬಲ್ಲವರಿಗೆ ಪರಿಚಯಿಸಲೆಂದೇ ಹುಟ್ಟಿತು. ಹಕೀಮನು ವೈದ್ಯನಿಂದ ಕಲಿಯಬೇಕೆಂದು ನಾಲ್ಕು ಶತಮಾನಗಳ ಹಿಂದೆಯೇ ಒಬ್ಬ ವಲಸಿಗ ಬರೆದಿಟ್ಟದ್ದು ಸಣ್ಣ ಮಾತಲ್ಲ. ಮುಂದೆ ಈ ಸೀಮೆ ಹೈದರಾಬಾದ್ ನಿಜಾಮರ ಕೈಸೇರಿ, 1853ರಿಂದ 1860ರವರೆಗೆ ಬ್ರಿಟಿಷರ ವಶದಲ್ಲಿದ್ದುದನ್ನು ಬಿಟ್ಟರೆ 1948ರವರೆಗೂ ನಿಜಾಮರ ಆಳ್ವಿಕೆಯಲ್ಲೇ ಉಳಿಯಿತು. ಯುನಾನಿಗೆ ರಾಜಾಶ್ರಯವಿದ್ದ ಆ ರಾಜ್ಯದಲ್ಲಿ ಚಾರ್‌ಮಿನಾರ್ ಪಕ್ಕದಲ್ಲಿ ನಿಜಾಮಿಯಾ ತಿಬ್ಬಿ ಕಾಲೇಜು ತಲೆಯೆತ್ತಿತು. 1920ರಲ್ಲಿ ಹೈದರಾಬಾದಿನ ಹಕೀಮರೊಬ್ಬರು ನೀಲಗಿರಿ ಎಣ್ಣೆಯನ್ನು ಮುಖ್ಯವಾಗಿಟ್ಟುಕೊಂಡು ತಯಾರಿಸಿದ ಜಿಂದಾ ತಿಲಿಸ್ಮಾತ್ ಎಂಬ ಪುಟ್ಟ ಶೀಶೆಯ ಔಷಧವು ನೆಗಡಿ, ತಲೆನೋವಿನ ಮನೆಮದ್ದಾಗಿ ರಾಯಚೂರಿನ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತದೆ.

ಯುನಾನಿಯ ಪ್ರಕಾರ ದೇಹದಲ್ಲಿ ನಾಲ್ಕು ಖಿಲ್ತ್‌ಗಳು, ಅಂದರೆ ದ್ರವಧಾತುಗಳಿವೆ: ದಮ್ ಎಂಬ ರಕ್ತ, ಬಲ್ಗಮ್ ಎಂಬ ಕಫ, ಸಫ್ರಾ ಎಂಬ ಹಳದಿ ಪಿತ್ತ, ಸೌದಾ ಎಂಬ ಕಪ್ಪು ಪಿತ್ತ. ಇವುಗಳ ಬೆರಕೆಯಿಂದ ಪ್ರತಿಯೊಬ್ಬರಿಗೂ ಬಿಸಿ ಅಥವಾ ತಂಪು, ಒಣ ಅಥವಾ ತೇವದ ಒಂದು ಮಿಜಾಜ್, ಎಂದರೆ ಪ್ರಕೃತಿ ರೂಪುಗೊಳ್ಳುತ್ತದೆ ಎಂದೂ ಅದು ಏರುಪೇರಾದಾಗ ರೋಗ ಬರುತ್ತದೆ ಎಂದೂ ಹಕೀಮರ ಲೆಕ್ಕ. ಚೀನಾದ ವೈದ್ಯವು ಇದೇ ಸಮತೋಲವನ್ನು ಯಿನ್ ಮತ್ತು ಯಾಂಗ್ ಎಂಬ ಎರಡು ಗುಣಗಳಲ್ಲಿಯೂ, ಮೈಯೊಳಗಿನ ದಾರಿಗಳಲ್ಲಿ ಹರಿಯುವ ಛೀ ಎಂಬ ಪ್ರಾಣಶಕ್ತಿಯಲ್ಲಿಯೂ ಕಾಣುತ್ತದೆ. ಎರಡೂ ಕಡೆ ವೈದ್ಯರು ಮೊದಲು ಹಿಡಿಯುವುದು ಮಣಿಕಟ್ಟನ್ನು. ಈ ಹೋಲಿಕೆ ಪೂರ್ತಿ ಆಕಸ್ಮಿಕವೆನ್ನಲಾಗದು. ಇರಾನನ್ನು ಮಂಗೋಲರು ಆಳುತ್ತಿದ್ದಾಗ ಮಂತ್ರಿ ರಶೀದುದ್ದೀನನು 1313ರ ಸುಮಾರಿಗೆ ಚೀನಾದ ನಾಡಿಶಾಸ್ತ್ರವನ್ನು ಚಿತ್ರಗಳ ಸಮೇತ ಪಾರಸಿಗೆ ಅನುವಾದ ಮಾಡಿಸಿದ್ದನು. ಖಿಲ್ತ್, ಛೀ ಎಂಬವು ರೋಗವನ್ನು ಗ್ರಹಿಸಲು ಹಿಂದಿನವರು ಕಟ್ಟಿಕೊಂಡ ಚೌಕಟ್ಟುಗಳೇ ಹೊರತು ಇಂದಿನ ಶರೀರಶಾಸ್ತ್ರಕ್ಕೆ ಸಿಗುವ ವಸ್ತುಗಳಲ್ಲ. ಆದರೂ ರೋಗಿಯ ಊಟ, ನಿದ್ದೆ, ಮಲಮೂತ್ರ, ಕೆಲಸ, ಋತು ಎಲ್ಲವನ್ನೂ ಕೇಳಿ ತಿಳಿದ ಮೇಲೆಯೇ ಚಿಕಿತ್ಸೆಗೆ ಕೈಹಾಕುವ ಶಿಸ್ತು ಆ ಚೌಕಟ್ಟಿನಿಂದಲೇ ಬಂದಿದೆ, ಮತ್ತು ಆ ಶಿಸ್ತಿಗೆ ಇಂದಿಗೂ ಬೆಲೆಯಿದೆ.

ಯುನಾನಿ ಚಿಕಿತ್ಸೆಯಲ್ಲಿ ಆಹಾರದಿಂದ, ಔಷಧದಿಂದ, ಶಸ್ತ್ರದಿಂದ ಮಾಡುವ ಕ್ರಮಗಳ ಜೊತೆಗೆ ಇಲಾಜ್ ಬಿತ್ ತದ್ಬೀರ್ ಎಂಬ ನಾಲ್ಕನೆಯ ಬಗೆಯೊಂದಿದ್ದು, ತಿಕ್ಕುವುದು, ಬೆವರಿಸುವುದು, ಸ್ನಾನ, ವ್ಯಾಯಾಮ, ಜಿಗಣೆ ಹಚ್ಚುವುದು ಮುಂತಾದ ಕೈಗೆಲಸದ ಉಪಾಯಗಳೆಲ್ಲ ಅದರಲ್ಲಿ ಬರುತ್ತವೆ. ಹಿಜಾಮಾ ಅದರ ಮುಖ್ಯ ಅಂಗ. ರೋಗಿಯನ್ನು ಬೋರಲು ಮಲಗಿಸಿ ಅಥವಾ ಬಾಗಿ ಕೂರಿಸಿ, ಹೆಗಲೆಲುಬುಗಳ ನಡುವೆಯೋ ಸೊಂಟದ ಎರಡು ಬದಿಗೋ ಚರ್ಮವನ್ನು ಒರೆಸಿ ಶುಚಿಮಾಡಿ ಬಟ್ಟಲನ್ನು ಕವುಚಲಾಗುತ್ತದೆ. ಹಿಂದೆ ಬಟ್ಟಲೊಳಗೆ ಕ್ಷಣಕಾಲ ಉರಿ ತೋರಿಸಿ ಗಾಳಿಯನ್ನು ಕಾಯಿಸುತ್ತಿದ್ದರು; ಆ ಗಾಳಿ ತಣಿದಂತೆ ಒಳಗಿನ ಒತ್ತಡ ಕುಗ್ಗಿ ಬಟ್ಟಲು ಮೈಗೆ ಕಚ್ಚಿಕೊಳ್ಳುತ್ತಿತ್ತು. ಈಗ ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲಿನ ತುದಿಯ ಕವಾಟಕ್ಕೆ ಕೈಪಂಪು ಸಿಕ್ಕಿಸಿ ಗಾಳಿ ಎಳೆಯುವುದು ರೂಢಿ. ಎಳೆತಕ್ಕೆ ಚರ್ಮವು ಬಟ್ಟಲೊಳಗೆ ಉಬ್ಬಿ ಕೆಂಪಾಗಿ, ಕ್ರಮೇಣ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸಣ್ಣ ರಕ್ತನಾಳಗಳು ಹಿಗ್ಗಿ, ಕೆಲವು ಒಡೆದು, ಬಟ್ಟಲು ತೆಗೆದ ಮೇಲೆ ಕೆಲವು ದಿನ ದುಂಡನೆಯ ಕಲೆ ಉಳಿಯುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಅದು ಒಣ ಹಿಜಾಮಾ. ಹಸಿ ಹಿಜಾಮಾದಲ್ಲಿ ಕೆಲವು ನಿಮಿಷಗಳ ನಂತರ ಬಟ್ಟಲು ತೆಗೆದು, ಉಬ್ಬಿದ ಜಾಗದಲ್ಲಿ ಮೇಲುಚರ್ಮಕ್ಕಷ್ಟೇ ತಾಗುವಂತೆ ಬ್ಲೇಡಿನಿಂದ ಸಣ್ಣ ಗೀರುಗಳನ್ನೆಳೆದು, ಮತ್ತೆ ಬಟ್ಟಲಿಟ್ಟು ಸ್ವಲ್ಪ ರಕ್ತ ತೆಗೆಯುತ್ತಾರೆ. ಗೀರು ಆಳವಾಗದಂತೆ ಕೈ ಹಿಡಿಯುವುದೇ ಈ ವಿದ್ಯೆಯ ಕಷ್ಟದ ಭಾಗ. ಹೀಗೆ ರಕ್ತ ಎಳೆಯಲು ವಾತಕ್ಕೆ ಕೊಂಬು, ಪಿತ್ತಕ್ಕೆ ಜಿಗಣೆ, ಕಫಕ್ಕೆ ಸೋರೆಬುರುಡೆ ಎಂದು ಸುಶ್ರುತ ಸಂಹಿತೆಯೂ ವಿಂಗಡಿಸಿದೆ. ಚೀನಾದಲ್ಲಿಯೂ ಮೊದಲು ಬಳಕೆಯಲ್ಲಿದ್ದದ್ದು ಕೊಂಬು, ಆಮೇಲೆ ಬಿದಿರು, ಈಗ ಗಾಜು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಹೆಗಲ ಮೇಲೆ ಕಾಣಿಸಿಕೊಂಡ ದುಂಡು ಕಲೆಗಳು ಈ ಹಳೆಯ ಚಿಕಿತ್ಸೆಯನ್ನು ಮತ್ತೆ ಜಗತ್ತಿನ ಮಾತಾಗಿಸಿದವು.

ಮಾನ್ವಿಯ ಗದ್ದೆಗಳಲ್ಲಿ ದಿನವಿಡೀ ಬಾಗಿ ಭತ್ತ ನಾಟಿ ಮಾಡುವವರಿಗೆ, ದೇವದುರ್ಗದ ಹೊಲಗಳಲ್ಲಿ ಹತ್ತಿ ಬಿಡಿಸುವವರಿಗೆ, ರಾಯಚೂರಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರಿಗೆ ಸೊಂಟ, ಕುತ್ತಿಗೆ, ಮೊಣಕಾಲಿನ ನೋವು ಬಿಡದ ಕಾಟ. ಇಂಥ ನೋವಿಗೆ ಬಟ್ಟಲು ಚಿಕಿತ್ಸೆಯಿಂದ ತಾತ್ಕಾಲಿಕ ಶಮನ ಸಿಗುತ್ತದೆಂದು ಹಲವು ಸಣ್ಣ ಅಧ್ಯಯನಗಳು ಹೇಳಿವೆ. ಆದರೆ ಬಟ್ಟಲು ಹಚ್ಚಿದ್ದು ರೋಗಿಗೆ ಗೊತ್ತಾಗದಂತೆ ಪರೀಕ್ಷೆ ನಡೆಸುವುದು ಬಲು ಕಷ್ಟವಾದ್ದರಿಂದ, ಅದರಲ್ಲಿ ಚಿಕಿತ್ಸೆಯ ಗುಣವೆಷ್ಟು, ನಂಬಿಕೆಯ ಮತ್ತು ಆರೈಕೆಯ ಗುಣವೆಷ್ಟು ಎಂದು ಬಿಡಿಸಿ ಹೇಳುವ ಪುರಾವೆ ಇನ್ನೂ ದುರ್ಬಲವಾಗಿದೆ. ರಕ್ತದಿಂದ ‘ವಿಷ’ ತೆಗೆಯುತ್ತದೆ, ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುತ್ತದೆ ಎಂಬ ಜಾಹೀರಾತುಗಳಿಗೆ ಆಧಾರವಿಲ್ಲ. ರಕ್ತವನ್ನು ಶುದ್ಧಿ ಮಾಡಲು ದೇಹದಲ್ಲಿಯೇ ಯಕೃತ್ತು ಮತ್ತು ಮೂತ್ರಪಿಂಡಗಳಿವೆ. ಈ ಸೀಮೆಯ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ವ್ಯಾಪಕವಾಗಿರುವುದರಿಂದ ಹಸಿ ಹಿಜಾಮಾಕ್ಕೆ ಮುನ್ನ ಹಿಮೋಗ್ಲೋಬಿನ್ ನೋಡಿಸಲೇಬೇಕು. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ರಕ್ತ ಹೆಪ್ಪುಗಟ್ಟದ ತೊಂದರೆಯುಳ್ಳವರು, ಗಾಯ ಬೇಗ ಮಾಯದ ಮಧುಮೇಹಿಗಳು ಇದರಿಂದ ದೂರವಿರುವುದು ಲೇಸು. ಒಬ್ಬರಿಗೆ ಬಳಸಿದ ಬ್ಲೇಡು ಅಥವಾ ಬಟ್ಟಲು ಇನ್ನೊಬ್ಬರಿಗೆ ತಾಗಿದರೆ ಹೆಪಟೈಟಿಸ್ ಮತ್ತು ಎಚ್ಐವಿ ಹರಡಬಲ್ಲವು. ಆದ್ದರಿಂದ ಸಂತೆಯಲ್ಲಿ ಕುಳಿತು ಹಿಜಾಮಾ ಮಾಡುವವರನ್ನು ಬಿಟ್ಟು, ಯುನಾನಿ ವೈದ್ಯದ ಬಿಯುಎಂಎಸ್ ಪದವಿ ಪಡೆದು ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯರ ಮಂಡಳಿಯಲ್ಲಿ ನೋಂದಾಯಿಸಿಕೊಂಡವರ ಬಳಿಗೇ ಹೋಗಬೇಕು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯು ಸ್ನಾತಕೋತ್ತರ ತರಬೇತಿ ನೀಡುವುದರ ಜೊತೆಗೆ ಈ ಚಿಕಿತ್ಸೆಗಳ ಮೇಲೆ ಸಂಶೋಧನೆಯನ್ನೂ ನಡೆಸುತ್ತಿದೆ. ಕಾಮಾಲೆಯೆಂದೋ ಹೊಟ್ಟೆಯುಬ್ಬರವೆಂದೋ ಹಸುಗೂಸಿಗೆ ಬರೆ ಹಾಕುವ ಕ್ರೂರ ರೂಢಿಯನ್ನಂತೂ ಈ ಯಾವ ಶಾಸ್ತ್ರದ ಹೆಸರಿನಲ್ಲಿಯೂ ಸಮರ್ಥಿಸಲಾಗದು.

ಸೂಜಿ ಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್, ಭಾರತಕ್ಕೆ ಬಂದ ದಾರಿಯೂ ಈ ಸೀಮೆಗೆ ತೀರ ಹೊರಗಿನದಲ್ಲ. ಮುಂಬಯಿ ಮತ್ತು ಮದರಾಸು ಕಡೆಯಿಂದ ಬಂದ ರೈಲು ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಒಂದುಗೂಡಿದವು. ಅದೇ ಹಳಿಯ ಮೇಲೆ ಉತ್ತರಕ್ಕಿರುವ, ಕನ್ನಡಿಗರೂ ದೊಡ್ಡ ಸಂಖ್ಯೆಯಲ್ಲಿರುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದವರು ಡಾ. ದ್ವಾರಕಾನಾಥ ಕೋಟ್ನೀಸ್. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಭಾರತದ ರಾಷ್ಟ್ರೀಯ ಕಾಂಗ್ರೆಸ್ 1938ರಲ್ಲಿ ಕಳಿಸಿದ ಐವರು ವೈದ್ಯರಲ್ಲಿ ಒಬ್ಬರಾದ ಅವರು ಅಲ್ಲಿಯೇ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ, 32ರ ಪ್ರಾಯದಲ್ಲಿ ತೀರಿಕೊಂಡರು. ಅದೇ ತಂಡದ ಡಾ. ಬಿಜೊಯ್ ಕುಮಾರ್ ಬಸು ಮುಂದೆ ಚೀನಾದಲ್ಲಿ ಸೂಜಿ ಚಿಕಿತ್ಸೆ ಕಲಿತು 1959ರಲ್ಲಿ ಕೋಲ್ಕತ್ತಾದಲ್ಲಿ ಅದನ್ನು ಆರಂಭಿಸಿದರು. ಕೇಂದ್ರ ಸರ್ಕಾರವು 2003ರಲ್ಲಿ ಇದನ್ನು ಚಿಕಿತ್ಸಾ ವಿಧಾನವೆಂದೂ 2019ರಲ್ಲಿ ಸ್ವತಂತ್ರ ಪದ್ಧತಿಯೆಂದೂ ಒಪ್ಪಿಕೊಂಡಿತು. ದೀರ್ಘಕಾಲದ ಬೆನ್ನುನೋವು, ಅರೆತಲೆನೋವು, ಕ್ಯಾನ್ಸರ್ ಔಷಧಗಳಿಂದ ಬರುವ ವಾಕರಿಕೆಗೆ ಇದರಿಂದ ಒಂದಿಷ್ಟು ಉಪಶಮನ ಸಿಗಬಹುದೆಂಬುದಕ್ಕೆ ಪುರಾವೆಯಿದೆ. ಆದರೆ ಸರಿಯಾದ ಬಿಂದುವಿಗೂ ತಪ್ಪು ಬಿಂದುವಿಗೂ ಚುಚ್ಚಿ ನೋಡಿದ ಪರೀಕ್ಷೆಗಳಲ್ಲಿ ಫಲದ ಅಂತರ ಅನೇಕ ಸಲ ಚಿಕ್ಕದಾಗಿಯೇ ಕಂಡಿದೆ.

ಚೀನಾದ ವೈದ್ಯವು ರಾಯಚೂರು ಜಿಲ್ಲೆಯ ಜನರ ಜೀವವನ್ನು ನೇರವಾಗಿ ಕಾದಿರುವುದು ಮಲೇರಿಯಾದ ಮಾತ್ರೆಯ ರೂಪದಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೆ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೆ ನೀರು ತಂದ ಮೇಲೆ ಬೆಳೆಯ ಜೊತೆಗೆ ಸೊಳ್ಳೆಯೂ ಬೆಳೆಯಿತು, ಕರ್ನಾಟಕದ ಮಲೇರಿಯಾಪೀಡಿತ ಜಿಲ್ಲೆಗಳಲ್ಲಿ ರಾಯಚೂರೂ ಸೇರಿತು. ಹಳೆಯ ಕ್ಲೋರೋಕ್ವಿನ್‌ಗೆ ಫಾಲ್ಸಿಪ್ಯಾರಮ್ ಎಂಬ ಬಗೆಯ ಮಲೇರಿಯಾ ಬಗ್ಗದಾದಾಗ ನೆರವಿಗೆ ಬಂದದ್ದು ಚೀನಾದ ಛಿಂಗ್‌ಹಾವ್ ಗಿಡ. 1967ರ ಮೇ 23ರಂದು ಆರಂಭವಾದ್ದರಿಂದ 523 ಎಂದು ಹೆಸರಾದ ಮಲೇರಿಯಾ ಮದ್ದಿನ ಗುಪ್ತ ಯೋಜನೆಯಲ್ಲಿ ದುಡಿಯುತ್ತಿದ್ದ ಚೀನಾದ ವಿಜ್ಞಾನಿ ತೂ ಯೂಯೂ, ನಾಲ್ಕನೆಯ ಶತಮಾನದ ವೈದ್ಯ ಗೆ ಹೋಂಗ್‌ನ ಕೈಪಿಡಿಯಲ್ಲಿ ಈ ಗಿಡವನ್ನು ಕುದಿಸದೆ ನೀರಲ್ಲಿ ನೆನೆಸಿ ಹಿಂಡಿ ಕುಡಿಯಲು ಹೇಳಿದ್ದನ್ನು ಗಮನಿಸಿದರು. ಕಾವಿನಿಂದ ಗುಣ ಕೆಡುತ್ತಿರಬಹುದೆಂದು ಊಹಿಸಿ 1971ರಲ್ಲಿ ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. ಅದು ಇಲಿ, ಕೋತಿಗಳಲ್ಲಿ ಫಲ ಕೊಟ್ಟ ಮೇಲೆ ರೋಗಿಗಳಿಗೆ ಕೊಡುವ ಮುನ್ನ ತಾವೇ ಕುಡಿದು ನೋಡಿದರು. ಆ ಸಾರದಲ್ಲಿದ್ದ ಆರ್ಟೆಮಿಸಿನಿನ್ ಎಂಬ ವಸ್ತುವಿಗಾಗಿ 2015ರಲ್ಲಿ ಅವರಿಗೆ ನೊಬೆಲ್ ಬಂದಿತು. ಭಾರತವು 2010ರಿಂದ ಎಲ್ಲ ಫಾಲ್ಸಿಪ್ಯಾರಮ್ ರೋಗಿಗಳಿಗೂ ಇದರ ಸಂಯುಕ್ತ ಔಷಧವನ್ನೇ ಕೊಡುವ ನೀತಿ ತಂದಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂರು ದಿನ ಆರ್ಟೆಸುನೇಟ್, ಮೊದಲ ದಿನ ಸಲ್ಫಾಡಾಕ್ಸಿನ್–ಪೈರಿಮೆಥಮಿನ್, ಎರಡನೆಯ ದಿನ ಪ್ರೈಮಾಕ್ವಿನ್ ಎಂಬುದು ಅದರ ಕ್ರಮವಾಗಿತ್ತು. ಪೂಜೆಗೂ ಹೂಮಾಲೆಗೂ ಬಳಸುವ ದವನ ಆ ಚೀನಾದ ಗಿಡದ ಕುಲದ್ದೇ ಆದರೂ ಮಲೇರಿಯಾಕ್ಕೆ ಅದು ಮದ್ದಲ್ಲ.

ಅದೇ ಚೀನಾದ ಮೂಲಿಕೆಗಳಿಂದ ಕೇಡೂ ಆಗಿದೆ. ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಚಿಕಿತ್ಸೆಗೆಂದು ಒಂದು ಮೂಲಿಕೆಯ ಬದಲು, ಹೆಸರಿನಲ್ಲಿ ಹೋಲುವ ಅರಿಸ್ಟೊಲೋಕಿಯಾ ಕುಲದ ಬೇರು ಬೆರೆತು, ಮಹಿಳೆಯರ ಮೂತ್ರಪಿಂಡಗಳು ವಿಫಲವಾದ ಸಂಗತಿ 1993ರಲ್ಲಿ ವರದಿಯಾಯಿತು; ಆ ಬೇರಿನ ಆಮ್ಲ ಕ್ಯಾನ್ಸರ್‌ಕಾರಕವೆಂಬುದೂ ಮುಂದೆ ಖಚಿತವಾಯಿತು. ನಮ್ಮ ನಾಟಿವೈದ್ಯದಲ್ಲಿ ಹಾವಿನ ವಿಷಕ್ಕೆ ಅರೆದು ಕುಡಿಸುವ ಈಶ್ವರಿ ಬಳ್ಳಿ ಇದೇ ಕುಲದ್ದು, ಅದೇ ಆಮ್ಲವುಳ್ಳದ್ದು. ಹಾವು ಕಚ್ಚಿದಾಗ ಅದನ್ನು ಹುಡುಕುತ್ತ ಕಳೆಯುವ ಹೊತ್ತು ಸಹ ಜೀವಕ್ಕೆ ಎರವಾಗುತ್ತದೆ. ಕಚ್ಚಿದ ಕೈಕಾಲನ್ನು ಅಲುಗಿಸದೆ, ಬಿಗಿಯಾಗಿ ಕಟ್ಟದೆ, ಗಾಯ ಕೊಯ್ಯದೆ, ವಿಷನಿರೋಧಕ ಚುಚ್ಚುಮದ್ದಿರುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು.