ಅರ್ಧ ಇಂಚು ಎಂಬ ಒಪ್ಪಂದ

ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಅರ್ಧ ಇಂಚಿನ ಎಲ್ಬೋ ಕೊಡಿ’ ಎಂದರೆ ಅಂಗಡಿಯವರು ಮರುಪ್ರಶ್ನೆ ಕೇಳದೆ ಡಬ್ಬಿಗೆ ಕೈಹಾಕುತ್ತಿದ್ದ ಕಾಲವೊಂದಿತ್ತು. ಅದು ಜಿಐ ಪೈಪಿನ ಕಾಲ. ಆ ಎಲ್ಬೋಗೆ ಕೂರುವ ಪೈಪನ್ನು ಅಳೆದು ನೋಡಿದರೆ ಒಂದು ತಮಾಷೆ ಕಾಣುತ್ತದೆ. ಅರ್ಧ ಇಂಚೆಂದರೆ 12.7 ಮಿ.ಮೀ. ಪೈಪಿನ ಹೊರವ್ಯಾಸ 21.3 ಮಿ.ಮೀ. ಒಳಗಿನ ತೂತು ತಗಡಿನ ದಪ್ಪಕ್ಕೆ ತಕ್ಕಂತೆ 15ರಿಂದ 17 ಮಿ.ಮೀ. ಅರ್ಧ ಇಂಚು ಒಳಗೂ ಇಲ್ಲ, ಹೊರಗೂ ಇಲ್ಲ. ಆದರೂ ಆ ಹೆಸರು ಹೇಳಿ ಎಲ್ಲಿಂದಲೋ ತಂದ ಎಲ್ಬೋ ಇನ್ನೆಲ್ಲಿಯದೋ ಪೈಪಿಗೆ ಸರಿಯಾಗಿ ಕೂರುತ್ತಿತ್ತು. ಅಳತೆಯಾಗಿ ಹುಟ್ಟಿದ ಪದ ಬರೀ ಹೆಸರಾಗಿ ಉಳಿದು, ಒಬ್ಬರನ್ನೊಬ್ಬರು ಕಾಣದ ಕಾರ್ಖಾನೆಗಳ ನಡುವಿನ ಒಪ್ಪಂದವಾಯಿತು. ನೀರನ್ನು ಮನೆಯೊಳಗೆ ತಂದದ್ದು ಪೈಪು ಎಂದು ನಾವು ತಿಳಿದಿದ್ದೇವೆ. ಆ ಶ್ರೇಯಸ್ಸಿನ ದೊಡ್ಡ ಪಾಲು ಪೈಪಿಗಿಂತ ಅದನ್ನು ಕೂಡಿಸುವ ಫಿಟಿಂಗಿಗೆ, ಈ ಒಪ್ಪಂದಕ್ಕೆ ಸಲ್ಲಬೇಕು ಎಂಬುದು ನನ್ನ ವಾದ.

ಪೈಪು ಹಳೆಯದು, ನಮ್ಮ ನೆಲದಲ್ಲೇ ಅದಕ್ಕೆ ಸಾಕ್ಷಿಯಿದೆ. ವಿಜಯಪುರದ ದಕ್ಷಿಣಕ್ಕೆ ಮಹಮ್ಮದ್ ಆದಿಲ್ ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ಊರಿಗೆ ನೀರು ಹರಿದದ್ದು ಮಣ್ಣಿನ ಕೊಳವೆಗಳಲ್ಲಿ. ಒಂದರ ಬಾಯಿಗೆ ಇನ್ನೊಂದರ ತುದಿ ಕೂರಿಸಿ, ಗಾರೆ ಮೆತ್ತಿ, ಸುತ್ತಲೂ ಕಟ್ಟಡ ಕಟ್ಟಿ ನೆಲದಡಿ ಹುಗಿದಿದ್ದರು. ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್ ಎಂಬ ನೀರಿನ ಗೋಪುರಗಳು ಇಂದಿಗೂ ನಿಂತಿವೆ. ನೀರಿನ ಒತ್ತಡ ತಗ್ಗಿಸಿ ಕೊಳವೆ ಒಡೆಯದಂತೆ ನೋಡಿಕೊಳ್ಳುವುದು, ಕೆಸರು ತಳಕ್ಕಿಳಿಯಲು ಬಿಡುವುದು ಅವುಗಳ ಕೆಲಸ. ನಮಗಿಂದು ನಲ್ಲಿಯಲ್ಲಿ ಒತ್ತಡ ಸಾಲದೆಂಬ ದೂರು. ಆ ಎಂಜಿನಿಯರುಗಳಿಗೆ ಒತ್ತಡ ಹೆಚ್ಚಾದೀತೆಂಬ ಭಯ. ಸುಟ್ಟ ಮಣ್ಣೂ ಬಿರಿಯುತ್ತದೆ, ನಿಜ. ಆದರೆ ಗಾರೆ ಮೆತ್ತಿದ ಸಂದು ಅದಕ್ಕಿಂತ ಮೊದಲು ಬಾಯಿ ಬಿಡುತ್ತದೆ. ಅಂಥ ಸಂದುಗಳನ್ನು ನಂಬಿ ನೀರನ್ನು ಕಾರಂಜಿಗೂ ತೊಟ್ಟಿಗೂ ಒಯ್ಯಬಹುದಿತ್ತು. ಪ್ರತಿ ಮನೆಯ ಗೋಡೆಯೊಳಗೆ ಹತ್ತಾರು ತಿರುವು ತಿರುಗಿಸಿ ಮಹಡಿಗೆ ಏರಿಸಲು ಆಗುತ್ತಿರಲಿಲ್ಲ.

ಜೋಡಣೆಯೇ ನೀರಿನ ಕಾನೂನೂ ಆಗಬಲ್ಲದು ಎಂಬುದನ್ನು ರೋಮನರು ಕಂಡುಕೊಂಡಿದ್ದರು. ಕ್ರಿ.ಶ. 97ರಲ್ಲಿ ರೋಮಿನ ನೀರು ಸರಬರಾಜಿನ ಮುಖ್ಯಸ್ಥನಾದ ಫ್ರಾಂಟಿನಸ್ ತನ್ನ ಗ್ರಂಥದಲ್ಲಿ 25 ಅಳತೆಯ ಕೊಳವೆಗಳನ್ನು ಪಟ್ಟಿಮಾಡಿದ್ದಾನೆ. ಅವನ ಕಣ್ಣು ಮುಖ್ಯವಾಗಿ ಇದ್ದದ್ದು ಕ್ಯಾಲಿಕ್ಸ್ ಎಂಬ ಕಂಚಿನ ಮೂತಿಯ ಮೇಲೆ. ಸಾರ್ವಜನಿಕ ತೊಟ್ಟಿಗೂ ಮನೆಯ ಸೀಸದ ಕೊಳವೆಗೂ ನಡುವೆ ಅದನ್ನು ಕೂರಿಸುತ್ತಿದ್ದರು. ಸೀಸವನ್ನು ಬಡಿದು ಅಗಲ ಮಾಡಬಹುದು, ಕಂಚು ಹಾಗೆ ಬಗ್ಗುವುದಿಲ್ಲ. ಆದ್ದರಿಂದ ಅಳತೆಯ ಮುದ್ರೆ ಬೀಳಬೇಕಾದದ್ದು ಕಂಚಿಗೆ. ಮುದ್ರೆಯಿಲ್ಲದ, ಹೇಳಿದ್ದಕ್ಕಿಂತ ದೊಡ್ಡದಾದ ಮೂತಿಗಳನ್ನು ಕೂರಿಸಿ ನೀರು ಕದಿಯುವ ಕೆಲಸಗಾರರ ಬಗ್ಗೆ ಅವನು ಸಿಟ್ಟಿನಿಂದಲೇ ಬರೆದಿದ್ದಾನೆ. ನಮ್ಮ ನಗರಸಭೆಗಳು ಬೀದಿಯ ದೊಡ್ಡ ಪೈಪಿನಿಂದ ಮನೆಗೆ ಸಂಪರ್ಕ ಕೊಡುವಾಗ ಹಾಕುವ ಹಿತ್ತಾಳೆಯ ಫೆರೂಲ್ ಮಾಡುವುದೂ ಇದೇ ಕೆಲಸ. ವಾಟರ್‌ಮನ್ನಿನ ಮೇಲಿನ ಗುಮಾನಿಯೂ ಅಷ್ಟೇ ಹಳೆಯದು.

ನಮ್ಮ ಅರ್ಧ ಇಂಚು ಮಾತ್ರ ಬಂದದ್ದು ನೀರಿನ ದಾರಿಯಿಂದಲ್ಲ, ಗ್ಯಾಸಿನ ದಾರಿಯಿಂದ. ಇಂಗ್ಲೆಂಡಿನ ರೆಡ್‌ರೂತ್‌ನಲ್ಲಿ ವಿಲಿಯಂ ಮರ್ಡಾಕ್ 1792ರ ಸುಮಾರಿಗೆ ಕಲ್ಲಿದ್ದಲ ಗ್ಯಾಸಿನಿಂದ ತನ್ನ ಮನೆಗೆ ದೀಪ ಹಚ್ಚಿದ. ಮುಂದೆ ಲಂಡನ್ನಿನಲ್ಲಿ ಗ್ಯಾಸ್ ಕಂಪನಿಗಳು ಎದ್ದಾಗ ಮನೆಮನೆಗೆ ಸಣ್ಣ ಕಬ್ಬಿಣದ ಕೊಳವೆ ಬೇಕಾಯಿತು. ನೆಪೋಲಿಯನ್ನನ ಯುದ್ಧಗಳು ಮುಗಿದು ರಾಶಿ ಬಿದ್ದಿದ್ದ ಬಂದೂಕಿನ ನಳಿಗೆಗಳನ್ನೇ ತಿರುಪು ಕೊರೆದು ಒಂದಕ್ಕೊಂದು ಕೂಡಿಸಿದರು. ಕಬ್ಬಿಣದ ಪೈಪಿಗೆ ಅಲ್ಲಿ ಬ್ಯಾರಲ್ ಎಂಬ ಹೆಸರು ಅಂಟಿಕೊಂಡದ್ದು ಹೀಗೆ. ನಮ್ಮ ಅಂಗಡಿಗಳಲ್ಲಿ ಈಗಲೂ ಬ್ಯಾರಲ್ ನಿಪ್ಪಲ್ ಸಿಗುತ್ತದೆ. ಬಂದೂಕಿಗೆ ನಳಿಗೆ, ನೀರಿಗೆ ನಳ ಎನ್ನುವ ಕನ್ನಡದ ಕಿವಿಗೆ ಈ ನಂಟು ಅಷ್ಟೇನೂ ವಿಚಿತ್ರ ಅನ್ನಿಸಬೇಕಿಲ್ಲ. 1825ರಲ್ಲಿ ಕಾರ್ನೀಲಿಯಸ್ ವೈಟ್‌ಹೌಸ್ ಕಾದ ಕಬ್ಬಿಣದ ಪಟ್ಟಿಯನ್ನು ಒಂದೇ ಎಳೆತದಲ್ಲಿ ಸುರುಳಿ ಮಾಡಿ ಬೆಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಪೈಪು ಅಗ್ಗವಾಯಿತು. ಆಗಿನ ಅರ್ಧ ಇಂಚಿನ ಪೈಪಿನ ತೂತು ಹೆಚ್ಚುಕಡಿಮೆ ಅರ್ಧ ಇಂಚೇ ಇತ್ತು, ಗೋಡೆ ದಪ್ಪ. ಲೋಹ ಸುಧಾರಿಸಿದಂತೆ ಗೋಡೆ ತೆಳುವಾಯಿತು. ಆದರೆ ಹೊರವ್ಯಾಸ ಮುಟ್ಟುವಂತಿರಲಿಲ್ಲ. ಥ್ರೆಡ್ ಇದ್ದದ್ದು ಅಲ್ಲಿ, ಅದನ್ನು ಮುಟ್ಟಿದರೆ ಊರಿನ ಫಿಟಿಂಗೆಲ್ಲ ಗುಜರಿ. ಹೀಗೆ ತೂತು ಒಳಗೊಳಗೇ ಹಿಗ್ಗಿತು, ಹೆಸರು ಕದಲಲಿಲ್ಲ. ನಲ್ಲಿಯ ಪೊಟ್ಟಣದ ಮೇಲೆ ½ರ ಹಿಂದೆ ಕಾಣುವ ‘ಜಿ’ ಅಕ್ಷರ ಆ ಗ್ಯಾಸಿನದೇ ಪಳೆಯುಳಿಕೆ.

ಥ್ರೆಡ್ಡಿಗೊಂದು ಶಿಸ್ತು ತಂದವನು ಜೋಸೆಫ್ ವಿಟ್‌ವರ್ತ್. ಕಾರ್ಖಾನೆಗೊಂದು ತಿರುಪಿದ್ದ ಕಾಲದಲ್ಲಿ ಅವನು ಹಲವು ಕಡೆಯ ಬೋಲ್ಟುಗಳನ್ನು ಕೂಡಿಹಾಕಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ 55 ಡಿಗ್ರಿ ಕೋನದ ಏಕರೂಪ ತಿರುಪನ್ನು ಎಂಜಿನಿಯರುಗಳ ಮುಂದಿಟ್ಟ. ಪೈಪಿನ ಬ್ರಿಟಿಷ್ ಥ್ರೆಡ್ ಅದೇ ಕುಲದ್ದು: ಅರ್ಧಕ್ಕೂ ಮುಕ್ಕಾಲಿಗೂ ಇಂಚಿಗೆ 14 ಸುತ್ತು, ಒಂದು ಇಂಚಿನ ಪೈಪಿಗೆ 11. ಪೈಪಿನ ತುದಿ 16ಕ್ಕೆ 1ರಂತೆ ಸಣ್ಣಗಾಗುತ್ತದೆ. ಆದ್ದರಿಂದ ತಿರುಗಿಸಿದಷ್ಟೂ ಬಿಗಿ. ಉಳಿದ ಸಂದನ್ನು ಹಿಂದೆ ಸಣಬಿನ ನಾರು ಸುತ್ತಿ ವೈಟ್ ಲೆಡ್ ಬಳಿದು ಮುಚ್ಚುತ್ತಿದ್ದರು, ಈಗ ಟೆಫ್ಲಾನ್ ಟೇಪ್. ಅಮೆರಿಕದ ರಾಬರ್ಟ್ ಬ್ರಿಗ್ಸ್ ರೂಪಿಸಿದ ಥ್ರೆಡ್ಡಿಗೂ ಅರ್ಧ ಇಂಚಿನಲ್ಲಿ 14 ಸುತ್ತು, ಕೋನ ಮಾತ್ರ 60 ಡಿಗ್ರಿ. ಎರಡನ್ನೂ ಸೇರಿಸಿದರೆ ಕೂತಂತೆ ಕೂತು ಸೋರುತ್ತದೆ. ಐದು ಡಿಗ್ರಿಯ ಭಿನ್ನಾಭಿಪ್ರಾಯ ಅಷ್ಟು ಸಾಕು.

ಫಿಟಿಂಗುಗಳ ಕುಟುಂಬ ಬೆಳೆದದ್ದೂ ಈ ಥ್ರೆಡ್ಡಿನ ತರ್ಕದಿಂದಲೇ. ಒಳಗೆ ಥ್ರೆಡ್ ಇದ್ದು ಎರಡು ಪೈಪು ಕೂಡಿಸುವುದು ಸಾಕೆಟ್. ಹೊರಗೆ ಥ್ರೆಡ್ ಇದ್ದು ಎರಡು ಫಿಟಿಂಗ್ ಕೂಡಿಸುವುದು ನಿಪ್ಪಲ್. ಹೊರಗೆ ದೊಡ್ಡದು ಒಳಗೆ ಚಿಕ್ಕದು ಇದ್ದರೆ ಬುಷ್. ಟೀ ಕವಲೊಡೆಸುತ್ತದೆ, ಪ್ಲಗ್ಗೂ ಕ್ಯಾಪೂ ಬಾಯಿ ಮುಚ್ಚುತ್ತವೆ. ಎಲ್ಬೋ ಪುಕ್ಕಟೆ ತಿರುವಲ್ಲ: ಒಂದು 90 ಡಿಗ್ರಿ ಎಲ್ಬೋ ಸುಮಾರು ವ್ಯಾಸದ 30 ಪಟ್ಟು ಉದ್ದದ ನೇರ ಪೈಪಿನಷ್ಟು ಒತ್ತಡ ತಿನ್ನುತ್ತದೆ. ಎಲ್ಲಕ್ಕಿಂತ ಜಾಣ ಫಿಟಿಂಗ್ ಯೂನಿಯನ್. ಪೈಪಿನ ಎರಡೂ ತುದಿಗೆ ಬಲಗೈ ಥ್ರೆಡ್ಡೇ ಇರುವುದರಿಂದ ಈ ಕಡೆ ಬಿಗಿಮಾಡಿದರೆ ಆ ಕಡೆ ಬಿಚ್ಚಿಕೊಳ್ಳುತ್ತದೆ. ಎರಡೂ ಬದಿ ಕಟ್ಟಿಹಾಕಿದ ಲೈನಿನ ನಡುವೆ ಕೊನೆಯ ಪೈಪನ್ನು ಸೇರಿಸುವುದು ಹೇಗೆ? ಯೂನಿಯನ್ನಿನ ಎರಡು ಹೋಳುಗಳನ್ನು ಎರಡು ಪೈಪಿಗೆ ಬೇರೆಬೇರೆಯಾಗಿ ಬಿಗಿದು, ಬಾಯಿಗೆ ಬಾಯಿ ಕೂಡಿಸಿ, ಮೇಲಿಂದ ದೊಡ್ಡ ನಟ್ ತಿರುಗಿಸಿದರಾಯಿತು. ಪೈಪು ಅಲುಗುವುದೂ ಇಲ್ಲ. ಮೋಟಾರಿನ ಪಕ್ಕ ಯೂನಿಯನ್ ಹಾಕದೆ ಹೋದ ಪ್ಲಂಬರನ್ನು ಮುಂದೆ ರಿಪೇರಿಗೆ ಬಂದವರು ಬೈಯುವುದು ಸುಮ್ಮನಲ್ಲ.

ನೀರು ತಂದದ್ದು ಅಣೆಕಟ್ಟು ಮತ್ತು ಪಂಪು, ಇವೆಲ್ಲ ಚಿಲ್ಲರೆ ಸಾಮಾನು ಎಂದು ಯಾರಾದರೂ ಹೇಳಬಹುದು. 1896ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ಬರದಿದ್ದರೆ, 1974ರಲ್ಲಿ ಕಾವೇರಿ ಸುಮಾರು 100 ಕಿ.ಮೀ. ದೂರದಿಂದ ಏರಿ ಬರದಿದ್ದರೆ, ಯಾವ ಎಲ್ಬೋ ಏನು ಮಾಡೀತು? ಒಪ್ಪಬೇಕಾದ ಮಾತೇ. ಆದರೆ ಪಂಪು ಒತ್ತಿದ ನೀರನ್ನು ತಡೆದು ಹಿಡಿಯುವ ಸಂದು ಇಲ್ಲದಿದ್ದರೆ ಆ ಒತ್ತಡ ವಿಜಯಪುರದಂತೆ ಗೋಪುರ ಕಟ್ಟಿ ಕಳೆಯಬೇಕಾದ ಪೀಡೆಯಾಗುತ್ತಿತ್ತು. ಇನ್ನೊಂದು ಆಕ್ಷೇಪ: ಮೆಟ್ರಿಕ್ ಕಾನೂನು 1956ರಲ್ಲೇ ಬಂದಿತಲ್ಲ, ಇಂಚು ಏಕೆ? ನಮ್ಮ ಐಎಸ್ 554 ಮಾನಕದಲ್ಲಿ ಥ್ರೆಡ್ಡಿನ ಅಳತೆಗಳೆಲ್ಲ ಮಿಲಿಮೀಟರಿನಲ್ಲಿಯೇ ಇವೆ. ಥ್ರೆಡ್ ಮಾತ್ರ ಅದೇ ಹಳೆಯದು. ಮೆಟ್ರಿಕ್ಕಿನ ತವರಾದ ಫ್ರಾನ್ಸಿನಲ್ಲೂ ಅದೇ ಥ್ರೆಡ್. ಅಲ್ಲಿನವರು ಅದನ್ನು 15/21 ಎಂದು ಕರೆಯುತ್ತಾರೆ, ಒಳಗೆ 15, ಹೊರಗೆ 21. ಹೆಸರನ್ನು ಪ್ರಾಮಾಣಿಕ ಮಾಡಿದರು, ತಿರುಪನ್ನು ಮುಟ್ಟಲಿಲ್ಲ.

ಗಟ್ಟಿಯಾದ ಆಕ್ಷೇಪ ಪ್ಲಾಸ್ಟಿಕ್ಕಿನದು. ಸಾಲ್ವೆಂಟ್ ಸಿಮೆಂಟ್ ಹಚ್ಚಿ ಒತ್ತಿ ಹಿಡಿದರೆ ಪೈಪಿನ ಮೈಯೂ ಫಿಟಿಂಗಿನ ಮೈಯೂ ಕರಗಿ ಒಂದಾಗುತ್ತವೆ. ಥ್ರೆಡ್ಡಿನ ಹಂಗಿಲ್ಲ, ತುಕ್ಕಿಲ್ಲ, ಕೆಲಸ ಬೇಗ. ಎಲ್ಲ ನಿಜ. ಆದರೆ ನಲ್ಲಿ ಕೂರಬೇಕಾದ ಕೊನೆಯ ತಿರುವಿನಲ್ಲಿ ಒಳಗೆ ಹಿತ್ತಾಳೆ ಥ್ರೆಡ್ ಇರುವ ಎಲ್ಬೋ ಬೇಕೇ ಬೇಕು, ಮತ್ತೆ ಅದೇ 14 ಸುತ್ತು. ಜಿಐ ಫಿಟಿಂಗನ್ನು ಬಿಚ್ಚಿ ಇನ್ನೊಂದು ಕಡೆ ಬಳಸಬಹುದಿತ್ತು, ಅಂಟಿಸಿದ ಪ್ಲಾಸ್ಟಿಕ್ಕಿನದನ್ನು ಕತ್ತರಿಸಿ ಎಸೆಯಬೇಕು. ದೊಡ್ಡ ನಷ್ಟ ಬೇರೆಯೇ ಇದೆ: ಒಪ್ಪಂದ ಒಡೆದು ಮೂರಾಯಿತು. ಬಿಸಿನೀರಿಗೆ ಹಾಕುವ ಸಿಪಿವಿಸಿ ತಾಮ್ರದ ಕೊಳವೆಯ ಲೆಕ್ಕ ಹಿಡಿದು ಬಂತು, ಅದರ ಅರ್ಧ ಇಂಚಿನ ಹೊರವ್ಯಾಸ 15.9 ಮಿ.ಮೀ. ತಣ್ಣೀರಿನ ಯುಪಿವಿಸಿ ಪೈಪು ಕಬ್ಬಿಣದ ಲೆಕ್ಕದ್ದು, ಅದರ ಅರ್ಧ ಇಂಚು 21.3. ಹೊಲದ ಪಿವಿಸಿ ನೇರ ಮಿಲಿಮೀಟರಿನದು; 63ರ ಪೈಪಿಗೆ ರೈತರು ಎರಡು ಇಂಚು ಅನ್ನುತ್ತಾರೆ, 75ಕ್ಕೆ ಎರಡೂವರೆ. ಬಾಯಲ್ಲಿ ಇಂಚು ಒಂದೇ, ಕೈಯಲ್ಲಿ ಮೂರು. ವಸ್ತು ಸುಧಾರಿಸಿತು, ಜೋಡಣೆಯ ವಿಷಯದಲ್ಲಿ ಮಾತ್ರ ನಾವು ವಿಟ್‌ವರ್ತನ ಹಿಂದಿನ ಕಾಲಕ್ಕೆ ಅರ್ಧ ಹೆಜ್ಜೆ ಮರಳಿದ್ದೇವೆ.

ಆದ್ದರಿಂದ ಮನೆಯಲ್ಲಿ ಪೈಪು ಒಡೆದಾಗ ಬರಿಗೈಲಿ ಅಂಗಡಿಗೆ ಹೋಗಬೇಡಿ, ಒಡೆದ ತುಂಡನ್ನು ಜೊತೆಗೇ ಒಯ್ಯಿರಿ. ಅದು ಗೋಡೆಯೊಳಗೆ ಸಿಕ್ಕಿಕೊಂಡಿದ್ದರೆ ಪೈಪಿನ ಮೈಮೇಲೆ ಉದ್ದಕ್ಕೂ ಅಚ್ಚಾಗಿರುವ ಸಾಲನ್ನು ಓದಿ ಬರೆದುಕೊಳ್ಳಿ. ಐಎಸ್ 15778 ಎಂದಿದ್ದರೆ ಸಿಪಿವಿಸಿ, ಐಎಸ್ 4985 ಎಂದಿದ್ದರೆ ಮಿಲಿಮೀಟರಿನ ಪಿವಿಸಿ. ಮೊದಲು ಅದನ್ನು ಹೇಳಿ, ಆಮೇಲೆ ಅರ್ಧ ಇಂಚು ಎನ್ನಿ.