ಕೊಳ್ಳೋದಾ, ಬಾಡಿಗೆಗೆ ತರೋದಾ? ಮನೆ ರಿಪೇರಿ ಮೆಷಿನ್‌ಗಳ ಲೆಕ್ಕ

ಕೇಳೋಕೆ ಪುರುಸೊತ್ತಿಲ್ಲದವರಿಗೆ ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ.

ಈ ವಾರದ ವಿಷಯ ನಮ್ಮ ಮನೆಯಿಂದಲೇ ಬಂದದ್ದು. ದಾವಣಗೆರೆಯಲ್ಲಿರೋ ನಮ್ಮ ಮನೆಗೆ ಸುಮಾರು 30 ವರ್ಷ ಆಯ್ತು. ಬಾತ್‌ರೂಮಿನ ನೀರು ಪಕ್ಕದ ರೂಮಿನ ಗೋಡೆಗೆ ಜಿನುಗುತ್ತಿದೆ. ಬಣ್ಣ ಪುಡಿಪುಡಿಯಾಗಿ ಉದುರುತ್ತಿದೆ. ಹಳೇ ಟೈಲ್ಸ್ ಒಡೆದು, ವಾಟರ್‌ಪ್ರೂಫಿಂಗ್ ಮಾಡಿಸಿ, ಹೊಸ ಟೈಲ್ಸ್ ಹಾಕಿಸಬೇಕು. ಜೊತೆಗೆ ಅಡುಗೆಮನೆಗೆ ಎರಡು ಶೆಲ್ಫ್, ಇಡೀ ಮನೆಗೆ ಬಣ್ಣ. ದುಡ್ಡು ಅಪ್ಪಾಜಿಯ ನಿವೃತ್ತಿ ಹಣದಿಂದ ಬರಬೇಕು, ಹಾಗಾಗಿ ಮಿತಿ ಇದೆ.

ಅಪ್ಪಾಜಿ ಒಂದು ಪಟ್ಟಿ ಮಾಡಿದ್ರು. ಡ್ರಿಲ್ಲಿಂಗ್ ಮೆಷಿನ್ 3,000, ಗ್ರೈಂಡರ್ 2,500, ಟೈಲ್ಸ್ ಕಟರ್ 3,500, ಅಲ್ಯೂಮಿನಿಯಂ ಏಣಿ 4,000, ಕಾಂಕ್ರೀಟ್ ಒಡೆಯೋ ಬ್ರೇಕರ್ 24,000. ಒಟ್ಟು 37,000 ರೂಪಾಯಿ. "ಮೆಷಿನ್ ಮನೇಲಿದ್ರೆ ಆಸ್ತಿ ಕಣೋ" ಅಂದ್ರು. ನಾನು ಬಿ.ಕಾಂ ಓದಿದವನು, ಆಸ್ತಿ ಅಂದ ತಕ್ಷಣ ಕಿವಿ ನೆಟ್ಟಗಾಗುತ್ತೆ. ಇಲ್ಲಿನ ದರಗಳೆಲ್ಲ ಅಂಗಡಿಗಳಲ್ಲಿ ವಿಚಾರಿಸಿ, ಲೆಕ್ಕಕ್ಕೆ ಸುಲಭ ಆಗಲಿ ಅಂತ ರೌಂಡ್ ಮಾಡಿಕೊಂಡವು. ಬ್ರ್ಯಾಂಡ್ ಬದಲಾದ್ರೆ, ಊರು ಬದಲಾದ್ರೆ ಅಂಕಿ ಬದಲಾಗುತ್ತೆ. ಲೆಕ್ಕ ಹಾಕೋ ದಾರಿ ಮಾತ್ರ ಅದೇ.

ಮೊದಲ ಪ್ರಶ್ನೆ: ಮೆಷಿನ್ ಯಾರದ್ದು?

ಕೊಳ್ಳೋದು, ಬಾಡಿಗೆಗೆ ತರೋದು ಅಂತ ಎರಡೇ ದಾರಿ ಇದೆ ಅಂದ್ಕೋತೀವಿ. ನಮ್ಮ ಊರುಗಳಲ್ಲಿ ಮೂರನೇದೂ ಒಂದಿದೆ. ಕೆಲಸ ಮಾಡೋರೇ ತಮ್ಮ ಸಾಮಾನು ತರ್ತಾರೆ. ಟೈಲ್ಸ್ ಹಾಕೋರ ಹತ್ರ ಕಟರ್ ಇರುತ್ತೆ, ಗಾರೆ ಮೇಸ್ತ್ರಿ ಹತ್ರ ಕರಣೆ, ತೂಕದ ಗುಂಡು, ಲೆವೆಲ್ ಪೈಪ್ ಇರುತ್ತೆ, ಪೇಂಟರ್ ಹತ್ರ ಏಣಿ, ರೋಲರ್ ಇರುತ್ತೆ. ಅವರ ಕೂಲಿಯಲ್ಲೇ ಆ ಮೆಷಿನ್ನಿನ ಖರ್ಚೂ ಸೇರಿರುತ್ತೆ. ನಾವು ಬೇರೆ ತಂದ್ರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಟ್ಟ ಹಾಗೆ.

ಅದಕ್ಕೇ ಕೂಲಿ ಮಾತಾಡುವಾಗಲೇ ಕೇಳಿಬಿಡಿ: "ಮೇಸ್ತ್ರಿ, ಮೆಷಿನ್ ನಿಮ್ಮದೋ ನಮ್ಮದೋ? ಬ್ಲೇಡ್ ಯಾರ ಲೆಕ್ಕ?" ಬ್ಲೇಡ್ ಸವೆದು ಹೋಗೋ ವಸ್ತು. ಎಷ್ಟೋ ಕಡೆ ಮೆಷಿನ್ ಅವರದ್ದು, ಬ್ಲೇಡ್ ಮನೆಯವರದ್ದು. ಇದು ಮೊದಲೇ ಮಾತಾದ್ರೆ ಕೊನೆಗೆ ಮನಸ್ತಾಪ ಇರಲ್ಲ.

ಈ ಒಂದು ಪ್ರಶ್ನೆಗೇ ನಮ್ಮ ಪಟ್ಟಿಯಿಂದ ಗ್ರೈಂಡರ್ ಮತ್ತು ಟೈಲ್ಸ್ ಕಟರ್ ಹೊರಗೆ ಹೋದವು.

ಎರಡನೇ ಪ್ರಶ್ನೆ: ಎಷ್ಟು ದಿನ ಕೆಲಸ ಮಾಡುತ್ತೆ?

ಈಗ ನಿಜವಾದ ಲೆಕ್ಕ. ಕೊಳ್ಳೋ ಬೆಲೆಯಿಂದ, ಮುಂದೆ ಮಾರಿದ್ರೆ ಬರೋ ಬೆಲೆ ಕಳೀರಿ. ಉಳಿದದ್ದೇ ನಿಮ್ಮ ನಿಜವಾದ ಖರ್ಚು. ಅದನ್ನ ಒಂದು ದಿನದ ಬಾಡಿಗೆಯಿಂದ ಭಾಗಿಸಿ. ಬರೋ ಉತ್ತರ ದಿನಗಳ ಲೆಕ್ಕದಲ್ಲಿರುತ್ತೆ. ಅದಕ್ಕಿಂತ ಹೆಚ್ಚು ದಿನ ಬಳಸ್ತೀರಾ, ಕೊಳ್ಳಿ. ಕಡಿಮೆಯಾ, ಬಾಡಿಗೆಗೆ ತನ್ನಿ. ಕಾಮರ್ಸ್‌ನಲ್ಲಿ ಇದನ್ನೇ ಬ್ರೇಕ್ ಈವನ್ ಅಂತ ಓದಿದ್ವಿ.

ಬ್ರೇಕರ್ ತಗೊಳ್ಳಿ. ಕೊಳ್ಳೋಕೆ 24,000. ಮಾರಿದ್ರೆ 12,000 ಬರುತ್ತೆ ಅಂತ ಹಿಡಿಯೋಣ. ಖರ್ಚು 12,000. ದಿನದ ಬಾಡಿಗೆ 800. ಭಾಗಿಸಿದ್ರೆ 15 ದಿನ. ನಮ್ಮ ಬಾತ್‌ರೂಮ್ ಒಡೆಯೋಕೆ ಬೇಕಿರೋದು 2 ದಿನ. ಆಮೇಲೆ ಎಷ್ಟೋ ವರ್ಷ ಅದನ್ನ ಮುಟ್ಟೋ ಪ್ರಸಂಗವೇ ಬರಲ್ಲ. ಬಾಡಿಗೆಯೇ ಸರಿ.

ಈಗ ಡ್ರಿಲ್ಲಿಂಗ್ ಮೆಷಿನ್. ಕೊಳ್ಳೋಕೆ 3,000, ಮಾರಿದ್ರೆ 1,000. ಖರ್ಚು 2,000. ಬಾಡಿಗೆ 200, ಹೋಗಿಬರೋ ಪೆಟ್ರೋಲ್ 50, ಒಟ್ಟು 250. ಭಾಗಿಸಿದ್ರೆ 8 ದಿನ. ಈ ರಿಪೇರಿಗೆ 3 ದಿನ ಬೇಕು. ಆಮೇಲೆ ಕರ್ಟನ್ ರಾಡ್, ಕನ್ನಡಿ, ಗಡಿಯಾರ ಅಂತ ವರ್ಷಕ್ಕೆ 2 ದಿನವಾದ್ರೂ ಬೇಕೇ ಬೇಕು. 3 ವರ್ಷಕ್ಕೆ 9 ದಿನ ಆಯ್ತು. ಕೊಳ್ಳೋದೇ ಸರಿ.

ಇಲ್ಲೊಂದು ಸೂಕ್ಷ್ಮ ಇದೆ. ಬಾಡಿಗೆ ದಿನದ ಲೆಕ್ಕ, ಆದ್ರೆ ಡ್ರಿಲ್ ಕೆಲಸ ಹತ್ತು ನಿಮಿಷದ್ದು. ಎರಡು ತೂತಿಗೆ ಇಡೀ ದಿನದ ಬಾಡಿಗೆ ಕೊಡ್ತೀವಿ. ಆಗಾಗ ಸ್ವಲ್ಪ ಸ್ವಲ್ಪ ಬೇಕಾಗೋ ಸಾಮಾನು ಕೊಳ್ಳೋದಕ್ಕೆ, ಒಮ್ಮೆ ಬೇಕಾಗಿ ಆಮೇಲೆ ಬೇಡವಾಗೋ ಸಾಮಾನು ಬಾಡಿಗೆಗೆ. ದೊಡ್ಡ ಮೆಷಿನ್ನಿಗೆ ಬಾಡಿಗೆ ಅಂಗಡಿಯವರು ಕಡಿಮೆ ದರ ಹೇಳೋಕೆ ಆಗೋದೂ ಇದೇ ಕಾರಣಕ್ಕೆ. ಅವರ ಮೆಷಿನ್ ಮನೆಯಿಂದ ಮನೆಗೆ ಓಡಾಡ್ತಾ ದುಡಿಯುತ್ತೆ, ನಮ್ಮದು ಅಟ್ಟದ ಮೇಲೆ ಮಲಗುತ್ತೆ. ಆದಾಯ ತೆರಿಗೆ ನಿಯಮದಲ್ಲಿ ಸಾಮಾನ್ಯ ಮೆಷಿನರಿಗೆ ವರ್ಷಕ್ಕೆ 15% ಸವಕಳಿ ತೋರಿಸಬಹುದು, ಆದ್ರೆ ಅದು ವ್ಯಾಪಾರ ಮಾಡೋರಿಗೆ. ಮನೆಯವರಿಗೆ ಆ ಅನುಕೂಲ ಇಲ್ಲ. ಅಟ್ಟದಲ್ಲಿರೋ ಮೆಷಿನ್ನಿನ ಬೆಲೆ, ನಾಳೆ ಯಾರೋ ಎಷ್ಟು ಕೊಡ್ತಾರೋ ಅಷ್ಟೇ.

ಏಣಿಯದ್ದೂ ಹೆಚ್ಚುಕಮ್ಮಿ ಡ್ರಿಲ್ಲಿನದ್ದೇ ಲೆಕ್ಕ. ಆದ್ರೆ ಅದಕ್ಕೆ ಇನ್ನೊಂದು ಕಾಲಂ ಸೇರಿಸಿದೆ. ಅಪ್ಪಾಜಿ ಪ್ರತಿ ಹಬ್ಬಕ್ಕೂ ಟೇಬಲ್ ಮೇಲೆ ಕುರ್ಚಿ ಇಟ್ಕೊಂಡು ಫ್ಯಾನ್ ಒರೆಸ್ತಾರೆ. ಈ ವಯಸ್ಸಲ್ಲಿ ಅಲ್ಲಿಂದ ಬಿದ್ರೆ ಆಗೋ ಖರ್ಚಿಗೆ ಯಾವ ಬ್ರೇಕ್ ಈವನ್ನೂ ಇಲ್ಲ. ಏಣಿ ಕೊಂಡ್ವಿ.

ಕೊಳ್ಳೋದಾದ್ರೆ ಯಾವುದು?

ಗೋಡೆ ನೋಡಿ ಮೆಷಿನ್ ಆರಿಸಿ. ಇಟ್ಟಿಗೆ ಗೋಡೆಗೆ 13 ಎಂಎಂನ ಇಂಪ್ಯಾಕ್ಟ್ ಡ್ರಿಲ್ ಸಾಕು. ಕರಾವಳಿಯ ಮುರಕಲ್ಲಿನ ಗೋಡೆ ಇನ್ನೂ ಮೆತ್ತಗೆ, ಅಲ್ಲಿ ಮೆಷಿನ್ನಿಗಿಂತ ಉದ್ದದ ಒಳ್ಳೆ ಪ್ಲಗ್ ಮುಖ್ಯ. ಆದ್ರೆ ಕಾಂಕ್ರೀಟ್ ಕಂಬ, ಬೀಮು, ಸೀಲಿಂಗ್ ಕೊರೀಬೇಕು ಅಂದ್ರೆ ರೋಟರಿ ಹ್ಯಾಮರ್ ಬೇಕು. ಅದರ ಬಿಟ್ ಬೇರೆ ಥರ, ಎಸ್‌ಡಿಎಸ್ ಅಂತಾರೆ, ಮಾಮೂಲಿ ಡ್ರಿಲ್ಲಿಗೆ ಹೊಂದಲ್ಲ. ನಿಮ್ಮ ಮನೇಲಿ ಇಂಥ ತೂತು ನಾಲ್ಕೈದೇ ಇದ್ರೆ, ಆ ಒಂದು ದಿನಕ್ಕೆ ರೋಟರಿ ಹ್ಯಾಮರ್ ಬಾಡಿಗೆಗೆ ತನ್ನಿ. ಅಗ್ಗದ ಮೆಷಿನ್ ಕೊಳ್ಳೋ ಮುಂಚೆ ಒಂದು ಮಾತು ಕೇಳಿ: ಇದರ ಕಾರ್ಬನ್ ಬ್ರಷ್ ನಮ್ಮೂರಲ್ಲೇ ಸಿಗುತ್ತಾ? ಅದು ಸವೆಯೋ ಭಾಗ. ಸಿಗಲ್ಲ ಅಂದ್ರೆ ಮೆಷಿನ್ ಮೂಲೆ ಸೇರುತ್ತೆ.

ಬಾಡಿಗೆಗೆ ತರೋದಾದ್ರೆ?

ದಿನ ಅಂದ್ರೆ 24 ಗಂಟೆಯಾ, ಸಂಜೆ ಅಂಗಡಿ ಮುಚ್ಚೋ ತನಕವಾ ಕೇಳಿ. ಭಾನುವಾರಕ್ಕೂ ಬಾಡಿಗೆ ಇದೆಯಾ ಕೇಳಿ. ಡೆಪಾಸಿಟ್ ಕೊಟ್ರೆ ಚೀಟಿ ತಗೊಳ್ಳಿ. ಆಧಾರ್ ಕೇಳಿದ್ರೆ, ಕೊನೆಯ 4 ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಬಹುದು. ಅಂಗಡಿಯಲ್ಲೇ ಮೆಷಿನ್ ಓಡಿಸಿ ನೋಡಿ. ವೈರ್ ಸೀಳಿದೆಯಾ, ಸ್ವಿಚ್ ಆಫ್ ಮಾಡಿದ ಕೂಡಲೇ ನಿಲ್ಲುತ್ತಾ ಗಮನಿಸಿ. ಎಲ್ಲಾ ಕಡೆಯಿಂದ ಫೋಟೋ ತೆಗೆದುಕೊಳ್ಳಿ, ಉಳಿ ಎಷ್ಟು ಕೊಟ್ಟಿದ್ದಾರೆ ಎಣಿಸಿಕೊಳ್ಳಿ.

ಬಾಡಿಗೆಯಲ್ಲಿ ದುಡ್ಡು ಸೋರೋದು ದರದಿಂದಲ್ಲ, ಕಾಯೋದರಿಂದ. ಮೆಷಿನ್ ಬಂತು, ಮೇಸ್ತ್ರಿ ಬರಲಿಲ್ಲ. ಮೇಸ್ತ್ರಿ ಬಂದ, ಕರೆಂಟ್ ಹೋಯ್ತು. 2 ದಿನದ ಕೆಲಸ 5 ದಿನ ಆದ್ರೆ 1,600 ಇದ್ದದ್ದು 4,000 ಆಗುತ್ತೆ. ಅದಕ್ಕೇ ಮೇಸ್ತ್ರಿ ಬೆಳಗ್ಗೆ ಮನೆಗೆ ಬಂದ ಮೇಲೇ ಮೆಷಿನ್ ತನ್ನಿ. ಒಡೆಯೋ ಕೆಲಸ ಮನೆಯಲ್ಲಿ ಎಲ್ಲೆಲ್ಲಿ ಇದೆಯೋ ಅದನ್ನೆಲ್ಲ ಆ ಎರಡು ದಿನಕ್ಕೇ ಕೂಡಿಸಿ.

ಸಾಕೆಟ್ ಕೂಡ ಮೊದಲೇ ನೋಡಿ. 1,500 ವ್ಯಾಟಿನ ಬ್ರೇಕರ್ 230 ವೋಲ್ಟ್‌ನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತೆ. ಫೋನ್ ಚಾರ್ಜ್ ಮಾಡೋ ಸಣ್ಣ ಸಾಕೆಟ್ ಇರೋದೇ 6 ಆಂಪಿಯರ್‌ಗೆ. ಫ್ರಿಜ್, ವಾಷಿಂಗ್ ಮೆಷಿನ್‌ಗೆ ಹಾಕೋ 16 ಆಂಪಿಯರ್ ಸಾಕೆಟ್‌ನಿಂದಲೇ ದಪ್ಪ ವೈರ್ ಎಳೀರಿ. ತೆಳು ವೈರಿನ ಎಕ್ಸ್‌ಟೆನ್ಶನ್ ಬಾಕ್ಸ್ ಬಿಸಿಯಾಗಿ ಕರಗಬಹುದು.

ಬಾಡಿಗೆಗೆ ತರಬಾರದ್ದು

ಕನ್ನಡಕ, ಎನ್95 ಮಾಸ್ಕ್, ಕೈಗವಸು, ಕಟಿಂಗ್ ಡಿಸ್ಕ್. ಇವನ್ನ ಹೊಸದಾಗೇ ಕೊಳ್ಳಿ. ಡಿಸ್ಕ್ ಮೇಲೆ ಗರಿಷ್ಠ ಆರ್‌ಪಿಎಂ ಬರೆದಿರುತ್ತೆ. ಅದು ಮೆಷಿನ್ನಿನ ಆರ್‌ಪಿಎಂಗಿಂತ ಕಡಿಮೆ ಇರಬಾರದು. ಎಷ್ಟೋ ಡಿಸ್ಕ್‌ಗಳಿಗೆ ಎಕ್ಸ್‌ಪೈರಿ ದಿನಾಂಕವೂ ಇರುತ್ತೆ. ಗ್ರೈಂಡರ್ ಗಾರ್ಡ್ ಬಿಚ್ಚಿ ಕೆಲಸ ಮಾಡೋಕೆ ಯಾರನ್ನೂ ಬಿಡಬೇಡಿ. ಟೈಲ್ಸ್, ಸಿಮೆಂಟ್ ಕತ್ತರಿಸುವಾಗ ಏಳೋ ಧೂಳಲ್ಲಿ ಸಿಲಿಕಾ ಇರುತ್ತೆ. ವರ್ಷಗಟ್ಟಲೆ ಅದನ್ನ ಉಸಿರಾಡಿದವರಿಗೆ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬರಬಹುದು, ಅದು ಗುಣ ಆಗಲ್ಲ. ನಮ್ಮ ಮನೇಲಿ ಎರಡು ದಿನದ ಧೂಳು, ಮೇಸ್ತ್ರಿಗೆ ಅದು ದಿನಾ ಇರೋದು. ಮಾಸ್ಕ್ ತರುವಾಗ ಅವರಿಗೂ, ಅವರ ಜೊತೆ ಬಂದ ಹುಡುಗರಿಗೂ ತನ್ನಿ.

ಒಟ್ಟು ಎಷ್ಟಾಯ್ತು?

ಡ್ರಿಲ್ 3,000, ಏಣಿ 4,000. ಬ್ರೇಕರ್ ಬಾಡಿಗೆ ಆಟೋ ಸೇರಿ 1,800. ಮಾಸ್ಕ್, ಕನ್ನಡಕ, ಕೈಗವಸಿಗೆ 700. ಒಟ್ಟು 9,500. ಪಟ್ಟಿಯ 37,000ದಲ್ಲಿ 27,500 ಉಳೀತು. ಆ ದುಡ್ಡು ವಾಟರ್‌ಪ್ರೂಫಿಂಗ್‌ಗೆ ಹೋಗುತ್ತೆ. ಗೋಡೆ ಒದ್ದೆ ಆಗೋದನ್ನ ನಿಲ್ಲಿಸೋದು ಅದು, ಬ್ರೇಕರ್ ಅಲ್ಲ. ರಿಪೇರಿ ಬಜೆಟ್ ಎಷ್ಟೋ ಸಲ ತಪ್ಪೋದು ಇಲ್ಲೇ. ಕಣ್ಣಿಗೆ ಕಾಣೋ ಮೆಷಿನ್ನಿಗೆ ಸಲೀಸಾಗಿ ಖರ್ಚು ಮಾಡ್ತೀವಿ, ಟೈಲ್ಸ್ ಕೆಳಗೆ ಮುಚ್ಚಿಹೋಗೋ ಕೆಲಸದಲ್ಲಿ ಚೌಕಾಸಿ ಮಾಡ್ತೀವಿ.

ಅಪಾರ್ಟ್‌ಮೆಂಟ್‌ನಲ್ಲಿ ಇರೋರಿಗೆ ಇನ್ನೊಂದು ಸುಲಭದ ದಾರಿ ಇದೆ. ಅಸೋಸಿಯೇಷನ್ ಕಡೆಯಿಂದ ಒಂದು ಡ್ರಿಲ್, ಒಂದು ಏಣಿ ಕೊಂಡು ಸೆಕ್ಯುರಿಟಿ ರೂಮಲ್ಲಿಟ್ಟು, ತಗೊಂಡವರ ಹೆಸರು ಪುಸ್ತಕದಲ್ಲಿ ಬರೆಸಿ. 20 ಮನೆಗೆ 20 ಡ್ರಿಲ್ ಯಾಕೆ ಬೇಕು, ಹೇಳಿ?

ಹಾರ್ಡ್‌ವೇರ್ ಅಂಗಡಿಗೆ ಹೋಗೋ ಮುಂಚೆ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೀರಿ: ಮೇಸ್ತ್ರಿ ತರೋದು, ಬಾಡಿಗೆಗೆ ತರೋದು, ಕೊಳ್ಳೋದು. ಪ್ರತಿ ಸಾಮಾನಿನ ಮುಂದೆ ಅದು ದುಡಿಯೋ ದಿನ ಬರೀರಿ. ದಿನ ಎಷ್ಟು ಅಂತ ಬರೆಯೋಕೆ ಆಗದ ಸಾಮಾನು ಸದ್ಯಕ್ಕೆ ಅಂಗಡಿಯಲ್ಲೇ ಇರಲಿ.

ಈ ವಾರಕ್ಕೆ ಇಷ್ಟೇ. ಮನೆ ರಿಪೇರಿಗೆ ಕೈ ಹಾಕಿರೋ ನೆಂಟರಿಗೆ, ಗೆಳೆಯರಿಗೆ ಈ ಸಂಚಿಕೆ ಕಳಿಸಿ.